ಕನ್ನಡದಲ್ಲಿ ಮಾತಾಡುವ ಹಕ್ಕು 19ನೇ ವಿಧಿಯೊಳಗೆ ಬರುತ್ತದಾ? ಕಾಸರಗೋಡಿನಿಂದ ಒಂದು ಪ್ರಶ್ನೆ

ಪೆರ್ಲದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಪೆರ್ಲ ಕಡೆಯವಳು, ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ, ಬಿಡುತ್ತಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ತಿಂಗಳು ನಮ್ಮೂರಿನ ವಾಚನಾಲಯದವರು ಕರೆದು, ಮಾತಿನ ಸ್ವಾತಂತ್ರ್ಯ ಮತ್ತು ಅದರ ಮಿತಿಯ ಬಗ್ಗೆ ಅರ್ಧ ಗಂಟೆ ಕನ್ನಡದಲ್ಲಿ ಹೇಳು ಎಂದರು. ಒಪ್ಪಿಕೊಂಡೆ. ಕ್ಲಾಸಿನಲ್ಲಿ ಕಲಿತದ್ದನ್ನೇ ಸರಳ ಮಾಡಿ ಹೇಳಿದೆ. ಸಂವಿಧಾನದ 19(1)(ಎ) ಮಾತಾಡುವ ಹಕ್ಕು ಕೊಡುತ್ತದೆ, 19(2) ಅದಕ್ಕೆ ಬೇಲಿ ಹಾಕುತ್ತದೆ. 1950ರಲ್ಲಿ ಮದ್ರಾಸ್ ಸರ್ಕಾರ 'ಕ್ರಾಸ್ ರೋಡ್ಸ್' ಎಂಬ ಪತ್ರಿಕೆ ತನ್ನ ರಾಜ್ಯದೊಳಗೆ ಬರದಂತೆ ತಡೆಯಿತು, ರಮೇಶ್ ಥಾಪರ್ ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದರು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡದ ಜೊತೆ ಮದ್ರಾಸಿನಲ್ಲೇ ಇತ್ತು, ಹಾಗಾಗಿ ಆ ತಡೆ ನಮ್ಮ ಅಜ್ಜಂದಿರಿಗೂ ಬಿದ್ದಿತ್ತು ಎಂದಾಗ ಹಿಂದಿನ ಬೆಂಚಿನವರೂ ಕಿವಿಗೊಟ್ಟರು. ಮರುವರ್ಷ ಮೊದಲ ತಿದ್ದುಪಡಿ ಬಂತು, ಸಾರ್ವಜನಿಕ ಸುವ್ಯವಸ್ಥೆ ಎಂಬುದು ಬೇಲಿಗೆ ಸೇರಿತು, ಅದರ ಜೊತೆಗೇ ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಪದವೂ ಬಂತು. ಆಮೇಲೆ 2015ರ ಶ್ರೇಯಾ ಸಿಂಘಾಲ್ ತೀರ್ಪು. ಆನ್‌ಲೈನ್ ಮಾತಿಗೆ ಶಿಕ್ಷೆ ಕೊಡುತ್ತಿದ್ದ ಐಟಿ ಕಾಯಿದೆಯ 66ಎ ಬಿದ್ದಾಗ ಅಂಥದ್ದೇ ಆದ ಕೇರಳ ಪೊಲೀಸ್ ಕಾಯಿದೆಯ 118(ಡಿ) ಕೂಡ ಬಿತ್ತು ಎಂಬುದು ತುಂಬಾ ಜನಕ್ಕೆ ಗೊತ್ತಿರಲಿಲ್ಲ. 2020ರ ನವೆಂಬರಿನಲ್ಲಿ 118ಎ ಎಂಬ ಹೊಸ ಸುಗ್ರೀವಾಜ್ಞೆ ಬಂದು, ಗಲಾಟೆ ಆಗಿ, ಕೆಲವೇ ದಿನಗಳಲ್ಲಿ ಹಿಂದೆ ಹೋದದ್ದು ಮಾತ್ರ ಎಲ್ಲರಿಗೂ ನೆನಪಿತ್ತು.

ಮುಗಿಸಿ ಕೂರುವಾಗ ಅಡಿಕೆ ತೋಟದ ಹಿರಿಯರೊಬ್ಬರು ಎದ್ದರು. "ಮಗಾ, ಏನು ಮಾತಾಡಬಹುದು, ಏನು ಮಾತಾಡಬಾರದು ಅಂತ ಹೇಳಿದೆ. ಯಾವ ಭಾಷೆಯಲ್ಲಿ ಮಾತಾಡಬಹುದು ಅಂತ ಆ ವಿಧಿಯಲ್ಲಿ ಉಂಟಾ?" ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಓದಿ ಬಂದು ಹೇಳುತ್ತೇನೆ ಎಂದೆ.

ಈ ಪ್ರಶ್ನೆ ನನಗೆ ಬರೀ ಓದಿನ ವಿಷಯ ಅಲ್ಲ. ನನ್ನ ತಂಗಿ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಅವಳಿಗೆ ಗಣಿತಕ್ಕೆ ಬಂದ ಟೀಚರಿಗೆ ಕನ್ನಡ ಬರುವುದಿಲ್ಲ. ಅವರದ್ದು ತಪ್ಪು ಎನ್ನುತ್ತಿಲ್ಲ, ಅವರನ್ನು ಕಳಿಸಿದ್ದಾರೆ, ಬಂದಿದ್ದಾರೆ. ಆದರೆ ಮಕ್ಕಳು ಬೋರ್ಡು ನೋಡಿ ಲೆಕ್ಕ ಬರೆದುಕೊಳ್ಳುತ್ತಾರೆ, ಯಾಕೆ ಹಾಗೆ ಎಂದು ಕೇಳುವುದಿಲ್ಲ, ಕೇಳುವ ಭಾಷೆಯೇ ಇಲ್ಲವಲ್ಲ. ಅಪ್ಪನಿಗೆ ಹುಷಾರಿರಲಿಲ್ಲ, ಹೆತ್ತವರ ಸಭೆಗೆ ನಾನು ಹೋದೆ. ಎದ್ದು ನಿಂತು ಕನ್ನಡದಲ್ಲೇ ಇದನ್ನು ಹೇಳಿದೆ. ಎರಡು ವಾಕ್ಯ ಆಗಿತ್ತು ಅಷ್ಟೇ. "ಭಾಷೆಯ ವಿಷಯ ಇಲ್ಲಿ ಬೇಡ, ಸುಮ್ನೆ ಸಮಸ್ಯೆ ಆಗುತ್ತದೆ" ಎಂದು ಕೂರಿಸಿದರು. ಕೂತೆ. ಮನೆಗೆ ಬರುವ ದಾರಿಯುದ್ದಕ್ಕೂ ಯಾಕೆ ಕೂತೆ ಎಂದೇ ಯೋಚಿಸುತ್ತಿದ್ದೆ.

ಮಾತಿನ ಸ್ವಾತಂತ್ರ್ಯ ಎಂದರೆ ನನ್ನ ಭಾಷೆಯಲ್ಲಿ ಮಾತಾಡುವ ಸ್ವಾತಂತ್ರ್ಯವೂ ಸೇರಿದೆಯಾ? ಕೋರ್ಟು ಎಲ್ಲಾದರೂ ಹೇಳಿದೆಯಾ? ನಮ್ಮ ಪಠ್ಯದಲ್ಲಿ ಭಾಷೆಯ ಪಾಠ ಬೇರೆ, ವಾಕ್ ಸ್ವಾತಂತ್ರ್ಯದ ಪಾಠ ಬೇರೆ. ಎರಡನ್ನೂ ಸೇರಿಸಿ ಹೇಳುವವರು ಬೇಕು.

ಚಂದ್ರಗಿರಿ ವಕೀಲ

ಆ ಹಿರಿಯರು ಕೇಳಿದ್ದು ದೊಡ್ಡ ಪ್ರಶ್ನೆ. ನಾನು ಕಾಸರಗೋಡಿನಲ್ಲಿ ವಕೀಲಿ ಮಾಡುತ್ತೇನೆ, ಇಪ್ಪತ್ತು ವರ್ಷ ದಾಟಿತು. ಕೋರ್ಟು ಹೇಳಿದೆ. ಅದೂ ನಮ್ಮ ಕರ್ನಾಟಕದ ಕೇಸಿನಲ್ಲೇ ಹೇಳಿದೆ, ಆದರೆ ಕನ್ನಡದ ವಿರುದ್ಧ ಬಂದ ತೀರ್ಪು ಎಂದು ನಾವೆಲ್ಲ ಅದನ್ನು ಬದಿಗಿಟ್ಟುಬಿಟ್ಟಿದ್ದೇವೆ.

1994ರ ಏಪ್ರಿಲ್ 29ರಂದು ಕರ್ನಾಟಕ ಸರ್ಕಾರ ಒಂದು ಆದೇಶ ಮಾಡಿತು. ಒಂದರಿಂದ ನಾಲ್ಕನೇ ತರಗತಿವರೆಗೆ ಪಾಠ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ಇರಬೇಕು ಎಂದು. ಇಂಗ್ಲಿಷ್ ಮೀಡಿಯಂ ಖಾಸಗಿ ಶಾಲೆಗಳು ಇದರ ವಿರುದ್ಧ ಹೋದವು. 2008ರಲ್ಲಿ ಹೈಕೋರ್ಟು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಶಾಲೆಗಳ ಪರವಾಗಿ ಹೇಳಿತು. ಆ ದಿನ ನನಗೂ ಬೇಜಾರಾಗಿತ್ತು. ಆಮೇಲೆ ಕೂತು ತೀರ್ಪು ಓದಿದೆ. ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಎಂಬ ಆಯ್ಕೆ 19(1)(ಎ) ಒಳಗೆ ಬರುತ್ತದೆ, ಆ ಆಯ್ಕೆಯನ್ನು ಹೆತ್ತವರು ಮಾಡುತ್ತಾರೆ, ಸರ್ಕಾರ ಮಾಡುವುದಿಲ್ಲ ಎಂದು ಅದರಲ್ಲಿ ಬರೆದಿದೆ. ಅಂದರೆ ಭಾಷೆಯ ಆಯ್ಕೆ ಮಾತಿನ ಸ್ವಾತಂತ್ರ್ಯದ ಭಾಗ. ಬೆಂಗಳೂರಿನಲ್ಲಿ ಕೂತು ಓದಿದರೆ ಇದು ಇಂಗ್ಲಿಷಿಗೆ ಬಾಗಿಲು ತೆಗೆದ ತೀರ್ಪು. ಪೆರ್ಲದಲ್ಲಿ ಕೂತು ಓದಿ. ಇಲ್ಲಿ ಮಗುವಿಗೆ ಕನ್ನಡದಲ್ಲಿ ಕಲಿಸಬೇಕು ಎಂದು ಆರಿಸಿಕೊಂಡವರು ನೀವು.

ಆ ತೀರ್ಪಿನಲ್ಲಿ ಕನ್ನಡದ ಒಳಿತಿಗಾಗಿ ಎಂಬ ಸರ್ಕಾರದ ಕಾರಣ ಯಾಕೆ ನಿಲ್ಲಲಿಲ್ಲ ಎಂಬುದನ್ನು ನೋಡಬೇಕು. 19(2)ರ ಪಟ್ಟಿಯಲ್ಲಿ ಎಂಟೇ ಕಾರಣ ಇರುವುದು. ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ಭದ್ರತೆ, ಹೊರದೇಶಗಳ ಜೊತೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಮುಗಿಯಿತು. ಒಂಬತ್ತನೆಯದು ಇಲ್ಲ. ವ್ಯಾಪಾರದ ಸ್ವಾತಂತ್ರ್ಯಕ್ಕೆ ಮಿತಿ ಹಾಕುವ 19(6)ರಲ್ಲಿ 'ಸಾರ್ವಜನಿಕರ ಹಿತ' ಎಂಬ ದೊಡ್ಡ ಬಾಗಿಲು ಉಂಟು. ಮಾತಿನ ಸ್ವಾತಂತ್ರ್ಯಕ್ಕೆ ಆ ಬಾಗಿಲು ಇಲ್ಲ. 1962ರಲ್ಲೇ ಸಕಾಳ್ ಪೇಪರ್ಸ್ ಕೇಸಿನಲ್ಲಿ ಕೋರ್ಟು ಇದನ್ನು ಬಿಡಿಸಿ ಹೇಳಿತು. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಕೇಸಿನಲ್ಲಿ ಐವರ ಪೀಠ ಮತ್ತೆ ಅದನ್ನೇ ಹೇಳಿತು, ಪಟ್ಟಿಗೆ ಹೊಸ ಕಾರಣ ಸೇರಿಸುವಂತಿಲ್ಲ ಎಂದು. ರಾಜ್ಯಭಾಷೆಯ ಬೆಳವಣಿಗೆ ಆ ಎಂಟರಲ್ಲಿ ಇಲ್ಲ. ಕರ್ನಾಟಕಕ್ಕೆ ಕನ್ನಡದ ಹೆಸರಲ್ಲಿ ಸಿಗದ ಅಧಿಕಾರ ಕೇರಳಕ್ಕೆ ಮಲಯಾಳದ ಹೆಸರಲ್ಲೂ ಸಿಗುವುದಿಲ್ಲ. ನಮಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಾ?

ಸಭೆಯಲ್ಲಿ ಕೂರಿಸಿದ ವಿಷಯಕ್ಕೆ ಬರುತ್ತೇನೆ. ವಾಕ್ ಸ್ವಾತಂತ್ರ್ಯದ ಬಗ್ಗೆ ಬರೆದವರಲ್ಲಿ ಅಮೆರಿಕದ ಅಲೆಕ್ಸಾಂಡರ್ ಮೈಕಲ್‌ಜಾನ್ ನನಗೆ ಇಷ್ಟ. ಅವರು 1948ರಲ್ಲಿ ಊರಸಭೆಯ ಉದಾಹರಣೆ ಕೊಟ್ಟರು. ಅಧ್ಯಕ್ಷರು ಸರದಿ ನೋಡಬಹುದು, ವಿಷಯ ಬಿಟ್ಟು ಹೋದವರನ್ನು ತಡೆಯಬಹುದು, ಹೊತ್ತಾಯಿತು ಎನ್ನಬಹುದು. ಒಂದು ಅಭಿಪ್ರಾಯ ಕೇಳಲು ಕಷ್ಟ ಎಂಬ ಕಾರಣಕ್ಕೆ ಅದನ್ನು ಹೇಳುವವರನ್ನು ಮಾತ್ರ ಕೂರಿಸುವಂತಿಲ್ಲ. ನಿಮಗೆ ಆದದ್ದು ಇದೇ ಅಲ್ವಾ? ಗಣಿತ ಪಾಠದ ಬಗ್ಗೆ ಹೆತ್ತವರ ಸಭೆಯಲ್ಲಿ ಮಾತಾಡದೆ ಮತ್ತೆಲ್ಲಿ ಮಾತಾಡಬೇಕು?

"ಸಮಸ್ಯೆ ಆಗುತ್ತದೆ" ಎಂಬ ಮಾತಿಗೂ ಕೋರ್ಟಿನ ಉತ್ತರ ಇದೆ. 1989ರಲ್ಲಿ ರಂಗರಾಜನ್ ಕೇಸಿನಲ್ಲಿ, ಒಂದು ತಮಿಳು ಸಿನಿಮಾಕ್ಕೆ ವಿರೋಧ ಬಂದು ತಮಿಳುನಾಡು ಸರ್ಕಾರ ಗಲಾಟೆ ಆದೀತು ಎಂದಾಗ, ಮಾತಿಗೂ ಅಪಾಯಕ್ಕೂ ಇರುವ ನಂಟು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ಹತ್ತಿರ ಇರಬೇಕು ಎಂದರು. ಗಲಾಟೆ ಮಾಡುವವರಿಗೆ ಹೆದರಿ ಮಾತಾಡುವವರ ಬಾಯಿ ಮುಚ್ಚಿಸುವುದು ಸರ್ಕಾರದ ಕೆಲಸ ಅಲ್ಲ ಎಂದರು. ಗಣಿತದ ಟೀಚರಿಗೆ ಕನ್ನಡ ಬರುವುದಿಲ್ಲ ಎಂಬ ಮಾತು ಯಾವ ಪೀಪಾಯಿಗೆ ಕಿಡಿ?

ಇನ್ನೊಂದು ಕೇಸು ಇದೆ, ಅದನ್ನು ಆ ಹಿರಿಯರಿಗೆ ತಪ್ಪದೆ ಹೇಳಿ. 1964, ಜಗದೇವ್ ಸಿಂಗ್ ಸಿದ್ಧಾಂತಿ ಮತ್ತು ಪ್ರತಾಪ್ ಸಿಂಗ್ ದೌಲ್ತಾ. ಪಂಜಾಬಿನಲ್ಲಿ ಹಿಂದಿ ಚಳವಳಿ ನಡೆಯುತ್ತಿದ್ದ ಕಾಲ. ಭಾಷೆಯ ಹೆಸರಲ್ಲಿ ವೋಟು ಕೇಳಿದರು ಎಂದು ಸಿದ್ಧಾಂತಿಯವರ ಆಯ್ಕೆಯನ್ನು ಪ್ರಶ್ನಿಸಿದ್ದರು. ಸುಪ್ರೀಂ ಕೋರ್ಟು 29(1)ನೇ ವಿಧಿಗೆ ಹೋಯಿತು, ತನ್ನದೇ ಭಾಷೆ, ಲಿಪಿ, ಸಂಸ್ಕೃತಿ ಇರುವ ಜನರಿಗೆ ಅದನ್ನು ಉಳಿಸಿಕೊಳ್ಳುವ ಹಕ್ಕು ಕೊಡುವ ವಿಧಿ. ಉಳಿಸಿಕೊಳ್ಳುವ ಹಕ್ಕಿನಲ್ಲಿ ಅದಕ್ಕಾಗಿ ಚಳವಳಿ ಮಾಡುವ ಹಕ್ಕೂ ಸೇರಿದೆ ಎಂದಿತು. ಮತ್ತೆ ಒಂದು ಮಾತು ಹೇಳಿತು, ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. 19(1)ಕ್ಕೆ ಇರುವಂಥ ಸಮಂಜಸ ನಿರ್ಬಂಧಗಳು 29(1)ಕ್ಕೆ ಇಲ್ಲ. ಸಂವಿಧಾನದ ಪುಸ್ತಕ ಬಿಡಿಸಿ ನೋಡಿ, 19ರ ಬೆನ್ನಿಗೆ ನಿರ್ಬಂಧಗಳ ಸಾಲು ಇದೆ, 29(1) ಒಂದೇ ವಾಕ್ಯ, ಬೆನ್ನಿಗೆ ಅಂಥ ಸಾಲು ಇಲ್ಲ.

ಗಡಿಯ ಜನ ಭಾಷೆಗಾಗಿ ಆಡುವ ಮಾತಿಗೆ ಎರಡು ಆಧಾರ ಇದೆ. ನಾವು ಒಂದನ್ನೇ ಹಿಡಿದುಕೊಂಡಿದ್ದೇವೆ.

ಗಡಿಯ ಮಾಷ್ಟ್ರು

ವಕೀಲರೇ, ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಿ ಆದವನು ನಾನು. ಈ ಸಿದ್ಧಾಂತಿ ಕೇಸಿನ ಹೆಸರು ಇವತ್ತೇ ಕೇಳಿದ್ದು. ನಮ್ಮ ಕಾಲದಲ್ಲಿ ಯಾರಾದರೂ ಹೇಳಿದ್ದರೆ ಎಷ್ಟು ಧೈರ್ಯ ಬರುತ್ತಿತ್ತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಆಗ ನಾನು ಚಿಕ್ಕವನು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕನ್ನಡ ನಾಡಿಗೆ ಸೇರಬೇಕು ಎಂಬ ವಿಲೀನೀಕರಣದ ಮಾತಾಡುತ್ತಿದ್ದದ್ದನ್ನು ಕೇಳಿಕೊಂಡೇ ಬೆಳೆದೆವು. 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗದ ವರದಿ ಬಂತು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದರು. ಅದು ಜಾರಿ ಆಗಲಿಲ್ಲ. ಆ ದಿನಗಳಲ್ಲಿ ನಮಗೊಂದು ಭಯ ಇತ್ತು. ಗಡಿ ಬದಲಾಗಬೇಕು ಎಂದರೆ ದೇಶದ ವಿರುದ್ಧ ಮಾತಾಡಿದ ಹಾಗೆ ಆಗುತ್ತದಾ ಎಂದು. ಶಾಲೆಯ ಕೆಲಸದಲ್ಲಿದ್ದವರು ವೇದಿಕೆ ಹತ್ತಲು ಹಿಂದೆ ಮುಂದೆ ನೋಡುತ್ತಿದ್ದರು. 1963ರ ಹದಿನಾರನೇ ತಿದ್ದುಪಡಿಯಲ್ಲಿ ಅಖಂಡತೆ ಎಂಬ ಪದ ಬಂದ ಮೇಲೆ ಆ ಭಯ ಇನ್ನೂ ಜಾಸ್ತಿ ಆಯಿತು. ಇದರ ಬಗ್ಗೆಯೂ ಎರಡು ಸಾಲು ಬರೆಯಿರಿ.

ಪೆರ್ಲದ ಮಗುವಿಗೆ ಒಂದು ಮಾತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ, ಈ ಮೂರೂ ಬೇರೆ ಎಂದು ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಇದೆಯಂತೆ. ನಮ್ಮವರಿಗೆ ಇದನ್ನು ಹೇಳುವಾಗ ತಾಳಮದ್ದಳೆ ನೆನಪಿಸು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಕುಂಬಳೆ ಸೀಮೆಯವರು. ಕೌರವನ ಅರ್ಥ ಹೇಳುವವರು ಸಭೆಯ ನಡುವೆ ಕೂತು ಕೃಷ್ಣನನ್ನೇ ಪ್ರಶ್ನೆ ಮಾಡುತ್ತಾರೆ, ಧರ್ಮರಾಯನ ಧರ್ಮ ಎಂಥದ್ದು ಎಂದು ಬಿಡಿಸಿ ಬಿಡಿಸಿ ಕೇಳುತ್ತಾರೆ, ಕೃಷ್ಣನ ಭಕ್ತರೇ ಎದುರಿಗೆ ಕೂತು ಭೇಷ್ ಎನ್ನುತ್ತಾರೆ. ಬೆಳಗಿನ ಜಾವದವರೆಗೆ ವಾದ ನಡೆಯುತ್ತದೆ, ಎದ್ದು ಚಹಾ ಕುಡಿದು ಮನೆಗೆ ಹೋಗುತ್ತಾರೆ. ಪ್ರತಿಪಾದನೆ ಎಷ್ಟು ಗಟ್ಟಿಯಾಗಿದ್ದರೂ ಅದು ಪ್ರಚೋದನೆ ಅಲ್ಲ ಎಂಬುದು ನಮ್ಮ ಜನಕ್ಕೆ ಕೋರ್ಟು ಹೇಳುವ ಮೊದಲೇ ಗೊತ್ತಿತ್ತು.

ಹೊಸೂರಿನವನು

ನಾನು ಕೃಷ್ಣಗಿರಿ ಜಿಲ್ಲೆಯ ಹೊಸೂರು. ನಾವೂ ಗಡಿಯವರೇ, ನಮ್ಮ ಮನೆಯಲ್ಲೂ ಇದೇ ಕಥೆ. ವಕೀಲರ ಮಾತು ಓದಿ ಖುಷಿಯಾಯಿತು, ಆದರೆ ಕೆಲವು ಕಡೆ ನನಗೆ ಒಪ್ಪಿಗೆ ಇಲ್ಲ. ಹುಡುಗಿ ಇದನ್ನು ಸಭೆಯಲ್ಲಿ ಹೇಳುವವಳು, ಅರ್ಧ ಹೇಳಿದರೆ ನಾಳೆ ಯಾರೋ ಎದ್ದು ಉಳಿದರ್ಧ ಕೇಳುತ್ತಾರೆ.

2014ರ ತೀರ್ಪು ಸರ್ಕಾರವನ್ನು ತಡೆಯುತ್ತದೆ, ಅಷ್ಟೇ. ನೀನು ಇಂಥ ಭಾಷೆಯಲ್ಲೇ ಕಲಿಯಬೇಕು ಎಂದು ಒತ್ತಾಯ ಮಾಡಬೇಡ ಎನ್ನುತ್ತದೆ. ನಿನ್ನ ಭಾಷೆಯಲ್ಲಿ ಶಾಲೆ ತೆರೆಯುತ್ತೇನೆ, ಕನ್ನಡ ಬರುವ ಗಣಿತದ ಟೀಚರನ್ನು ಕೊಡುತ್ತೇನೆ ಎಂದು 19(1)(ಎ) ಎಲ್ಲೂ ಹೇಳುವುದಿಲ್ಲ. ಬಾಯಿ ಕಟ್ಟಬಾರದು ಎಂಬುದು ಒಂದು, ಕಿವಿ ಕೊಡಬೇಕು ಎಂಬುದು ಬೇರೆ. ನಮ್ಮ ಸಂವಿಧಾನದ ವಾಕ್ ಸ್ವಾತಂತ್ರ್ಯ ಹೆಚ್ಚಾಗಿ ಮೊದಲನೆಯದು. 1995ರ ಕ್ರಿಕೆಟ್ ಪ್ರಸಾರದ ಕೇಸಿನಲ್ಲಿ ಗಾಳಿಯ ತರಂಗಗಳು ಸಾರ್ವಜನಿಕರ ಸೊತ್ತು, ಕೇಳುವವರಿಗೂ ಹಕ್ಕಿದೆ ಎಂದು ಕೋರ್ಟು ಸ್ವಲ್ಪ ಎರಡನೆಯ ಕಡೆ ವಾಲಿತು. ಅಲ್ಲಿಂದ ಶಾಲೆಯ ಟೀಚರವರೆಗೆ ಬರಲು ದಾರಿ ಇನ್ನೂ ಆಗಿಲ್ಲ.

ಆ ತೀರ್ಪಿನ ಬುಡವೇ ಗಟ್ಟಿ ಇದೆಯಾ ಎಂಬ ಸಂಶಯವೂ ನನಗಿದೆ. ಶಾಲೆಯ ಮೀಡಿಯಂ ಆರಿಸುವುದು 'ಅಭಿವ್ಯಕ್ತಿ' ಹೇಗಾಗುತ್ತದೆ? ಮಾತಾಡುವುದು ಬೇರೆ, ಪಾಠದ ಭಾಷೆ ಬೇರೆ. ಎಲ್ಲವನ್ನೂ ಮಾತಿನ ಸ್ವಾತಂತ್ರ್ಯದೊಳಗೆ ತುಂಬಿದರೆ ಆ ಚೀಲ ಹರಿಯುತ್ತದೆ. ಮತ್ತೆ ಆ ತೀರ್ಪಿನಿಂದ ಲಾಭ ಆದದ್ದು ಯಾರಿಗೆ? ಕಾಸರಗೋಡಿನ ಒಂದು ಕನ್ನಡ ಶಾಲೆಗೂ ಅದರಿಂದ ಟೀಚರ್ ಬಂದಿಲ್ಲ. ಕರ್ನಾಟಕದ ಒಳಗೆ ಕನ್ನಡ ಶಾಲೆಗಳ ಕೈಯಿಂದ ಮಾತ್ರ ಒಂದು ಆಸರೆ ಹೋಯಿತು. ವಕೀಲರು ಅದನ್ನು ನಮ್ಮದು ಎಂದು ಎತ್ತಿಕೊಳ್ಳುವುದು ನನಗೆ ನೋವಾಗುತ್ತದೆ, ನೇರವಾಗಿ ಹೇಳುತ್ತಿದ್ದೇನೆ.

ಸಿದ್ಧಾಂತಿ ಕೇಸು ಚೆನ್ನಾಗಿದೆ. ಅದರ ಜೊತೆ 2017ರ ಅಭಿರಾಮ್ ಸಿಂಗ್ ತೀರ್ಪನ್ನೂ ಓದಿ. ಏಳು ಜನರ ಪೀಠ, ನಾಲ್ಕು ಮೂರು. ಚುನಾವಣೆಯಲ್ಲಿ ಮತದಾರನ ಧರ್ಮ, ಜಾತಿ, ಭಾಷೆಯ ಹೆಸರಲ್ಲೂ ವೋಟು ಕೇಳುವಂತಿಲ್ಲ ಎಂದಿತು. ಭಾಷೆಗಾಗಿ ಹೋರಾಡಬಹುದು, ಭಾಷೆಯವನು ಎಂದು ವೋಟು ಕೇಳಬಾರದು. ಪಂಚಾಯತ್ ಚುನಾವಣೆ ಹತ್ತಿರ ಬಂದಾಗ ಈ ಎರಡರ ನಡುವಿನ ಗೆರೆ ಎಷ್ಟು ತೆಳ್ಳಗೆ ಇರುತ್ತದೆ ಎಂದು ಗಡಿಯವರಿಗೆ ಗೊತ್ತು.

ನಿಜವಾದ ತೊಂದರೆ 19(2)ರಲ್ಲಿ ಇಲ್ಲವೇ ಇಲ್ಲ. ಕಾನೂನೇ ಇಲ್ಲದ ನಿರ್ಬಂಧದಲ್ಲಿ ಇದೆ. ನಾಮಕ್ಕಲ್ ಕಡೆಯ ತಮಿಳು ಲೇಖಕ ಪೆರುಮಾಳ್ ಮುರುಗನ್ ಅವರಿಗೆ ಏನಾಯಿತು? ಯಾವ ಕೋರ್ಟೂ ಅವರ ಕಾದಂಬರಿಯನ್ನು ನಿಷೇಧ ಮಾಡಿರಲಿಲ್ಲ. ಅಧಿಕಾರಿಗಳು ಶಾಂತಿ ಸಭೆ ಎಂದು ಕರೆದು ಕೂರಿಸಿದರು, ಕ್ಷಮೆ ಬರೆಸಿಕೊಂಡರು, ಅವರು ಬರವಣಿಗೆಯನ್ನೇ ಬಿಟ್ಟೆ ಎಂದು 2015ರ ಜನವರಿಯಲ್ಲಿ ಹೇಳಿಬಿಟ್ಟರು. 2016ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟು ಆ ಒಪ್ಪಂದಕ್ಕೆ ಬೆಲೆ ಇಲ್ಲ, ಲೇಖಕ ಮತ್ತೆ ಬರೆಯಲಿ ಎಂದಿತು. ಒಂದೂವರೆ ವರ್ಷ! ಈ ಹುಡುಗಿಯನ್ನು ಕೂರಿಸಿದ್ದು ಅದೇ ಜಾತಿಯ ನಿರ್ಬಂಧ. "ಸುಮ್ನೆ ಯಾಕೆ" ಎನ್ನುತ್ತಾರೆ. ಆ ಮಾತಿಗೆ ಸೆಕ್ಷನ್ ನಂಬರ್ ಇಲ್ಲ, ಅದನ್ನು ಕೋರ್ಟಿಗೆ ಎಳೆಯುವುದು ಹೇಗೆ?

ಕನ್ನಡದ ಪುಸ್ತಕಕ್ಕೇ ಕೋರ್ಟು ಏನು ಹೇಳಿತು ಅದನ್ನೂ ನೋಡಿ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು ಕರ್ನಾಟಕ ಸರ್ಕಾರ ಮುಟ್ಟುಗೋಲು ಹಾಕಿಕೊಂಡದ್ದನ್ನು ಬರಗೂರು ರಾಮಚಂದ್ರಪ್ಪ ಮತ್ತಿತರರು ಪ್ರಶ್ನಿಸಿದರು. 2007ರಲ್ಲಿ ಸುಪ್ರೀಂ ಕೋರ್ಟು ಸರ್ಕಾರ ಮಾಡಿದ್ದೇ ಸರಿ ಎಂದಿತು. ರಂಗರಾಜನ್ ತೀರ್ಪಿನ ಕಿಡಿ, ಪೀಪಾಯಿ ಎಲ್ಲ ಆಗಲೂ ಕಾನೂನಿನ ಪುಸ್ತಕದಲ್ಲಿ ಇತ್ತು. ವಾಕ್ ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಬರೆದ ವಕೀಲ ಗೌತಮ್ ಭಾಟಿಯಾ ಹೇಳಿದ್ದಾರಲ್ಲ, ನಮ್ಮ ತೀರ್ಪುಗಳಲ್ಲಿ ಎರಡು ದನಿ ಇದೆ, ಒಂದು ಜನರನ್ನು ಸ್ವಂತ ಬುದ್ಧಿ ಇರುವವರು ಎಂದು ನಂಬುತ್ತದೆ, ಇನ್ನೊಂದು ಜನ ಕೆಟ್ಟುಹೋದಾರು ಎಂದು ಕಾಯುತ್ತದೆ ಎಂದು. ಅದೇ ವಿಷಯದ ಮೇಲೆ ಬರೆದ ಇನ್ನೊಬ್ಬ ವಕೀಲ ಅಭಿನವ್ ಚಂದ್ರಚೂಡ್ ಇನ್ನೂ ಖಾರವಾಗಿ, ಸಂವಿಧಾನ ಬಂದ ಮೇಲೂ ಬ್ರಿಟಿಷರ ಕಾಲದ ಕಟ್ಟುಗಳು ಹೆಚ್ಚುಕಮ್ಮಿ ಹಾಗೇ ಉಳಿದವು ಎನ್ನುತ್ತಾರೆ. ನನಗೆ ಚಂದ್ರಚೂಡ್ ಮಾತೇ ಸರಿ ಎನಿಸುತ್ತದೆ. ಯಾವ ದನಿಯ ನ್ಯಾಯಾಧೀಶರು ಸಿಗುತ್ತಾರೆ ಎಂಬುದರ ಮೇಲೆ ಹಕ್ಕು ನಿಂತರೆ ಅದು ಹಕ್ಕಾ?

ಪೆರ್ಲದ ಹುಡುಗಿ

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಎರಡು ಸಲ ಓದಿದೆ.

ಹೊಸೂರಿನವರೇ, ಬಾಯಿ ಕಟ್ಟಬಾರದು ಎಂಬುದು ಒಂದು, ಕಿವಿ ಕೊಡಬೇಕು ಎಂಬುದು ಬೇರೆ ಎಂದಿರಲ್ಲ, ನನಗೆ ಹೇಳಲು ಬರದೇ ಇದ್ದದ್ದು ಅದೇ. ಅಂದು ಸಭೆಯಲ್ಲಿ ನನ್ನನ್ನು ಕೂರಿಸದೇ ಇದ್ದಿದ್ದರೂ, ನನ್ನ ಮಾತು ಅರ್ಥ ಆಗದವರ ಎದುರು ನಾನು ಪೂರ್ತಿ ಮಾತಾಡಿ ಮುಗಿಸುತ್ತಿದ್ದೆ. ಅದಕ್ಕೆ ಮಾತಿನ ಸ್ವಾತಂತ್ರ್ಯ ಎನ್ನಬೇಕಾ? ತಂಗಿ ಕ್ಲಾಸಿನಲ್ಲಿ ಕೈ ಎತ್ತುವುದನ್ನೇ ಬಿಟ್ಟಿದ್ದಾಳೆ. ಅವಳನ್ನು ಯಾರೂ ತಡೆದಿಲ್ಲ.

ವಕೀಲರೇ, 2017ರಲ್ಲಿ ಕೇರಳ ಹತ್ತನೇ ಕ್ಲಾಸಿನವರೆಗೆ ಮಲಯಾಳ ಕಡ್ಡಾಯ ಮಾಡಿತಲ್ಲ. ನಿಮ್ಮ 2014ರ ತೀರ್ಪಿನ ಎದುರು ಅದು ನಿಲ್ಲುತ್ತದಾ? ನನಗೆ ಮಲಯಾಳ ಬರುತ್ತದೆ, ಇಷ್ಟ ಕೂಡ, ಪಕ್ಕದ ಮನೆಯವರ ಜೊತೆ ಅದರಲ್ಲೇ ಮಾತಾಡುವುದು. ಮನೆಯಲ್ಲಿ ತುಳು. ಭಾಷೆಯ ಮೇಲೆ ಸಿಟ್ಟಿಲ್ಲ. ಕಾನೂನು ಏನು ಎಂದು ಮಾತ್ರ ಕೇಳುತ್ತಿದ್ದೇನೆ.

ಚಂದ್ರಗಿರಿ ವಕೀಲ

ಹೊಸೂರಿನವರು ಹೇಳಿದ್ದರಲ್ಲಿ ಹೆಚ್ಚಿನದು ನಿಜ. 2014ರ ತೀರ್ಪಿನ ನೋವು ನನಗೂ ಇದೆ. ಆದರೆ ಸೋತ ಕೇಸಿನ ಕಾನೂನೂ ಕಾನೂನೇ. ನಮ್ಮ ವಿರುದ್ಧ ಬಳಸಿದ್ದನ್ನು ನಮ್ಮ ಪರವಾಗಿ ಬಳಸದೆ ಬಿಡಲು ನನಗೆ ಮನಸ್ಸಿಲ್ಲ.

ಕಡ್ಡಾಯ ಮಲಯಾಳದ ಪ್ರಶ್ನೆಗೆ ಉತ್ತರ ನಿಮಗೆ ಹಿಡಿಸದೇ ಇರಬಹುದು. ಪಾಠದ ಮೀಡಿಯಂ ಬೇರೆ, ಒಂದು ವಿಷಯವಾಗಿ ಭಾಷೆ ಕಲಿಯುವುದು ಬೇರೆ. ಮಹಾರಾಷ್ಟ್ರದಲ್ಲಿ ಮರಾಠಿ ಕಡ್ಡಾಯ ಮಾಡಿದಾಗ ಗುಜರಾತಿ ಅಲ್ಪಸಂಖ್ಯಾತರ ಶಾಲೆಗಳು ಕೋರ್ಟಿಗೆ ಹೋದವು. 2004ರಲ್ಲಿ ಉಷಾ ಮೆಹ್ತಾ ಕೇಸಿನಲ್ಲಿ ಸುಪ್ರೀಂ ಕೋರ್ಟು, ರಾಜ್ಯದಲ್ಲಿ ಬಾಳುವವರು ಅಲ್ಲಿನ ಭಾಷೆ ಕಲಿಯಬೇಕು ಎಂದು ರಾಜ್ಯ ಹೇಳಬಹುದು ಎಂದಿತು. ಹಾಗಾಗಿ ಮಲಯಾಳ ಒಂದು ವಿಷಯವಾಗಿ ಬಂದರೆ 19(1)(ಎ) ಹಿಡಿದು ಗೆಲ್ಲುವುದು ಕಷ್ಟ. ಅದರಿಂದ ಕನ್ನಡದ ಪೀರಿಯಡ್ ಕಡಿಮೆ ಆದರೆ, ಕನ್ನಡ ಮೀಡಿಯಮ್ಮೇ ಕರಗುತ್ತಾ ಹೋದರೆ, ಆಗ 29(1) ಮತ್ತು 350ಎ ಹಿಡಿದು ಕೇಳಬಹುದು. 350ಎ ಎಂದರೆ 1956ರಲ್ಲಿ ಏಳನೇ ತಿದ್ದುಪಡಿಯಲ್ಲಿ ಬಂದದ್ದು, ರಾಜ್ಯಗಳ ಗಡಿ ಎಳೆದ ಕಾಲದಲ್ಲೇ, ಗೆರೆಯ ಆಚೆ ಉಳಿದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಪಾಠದ ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನ ಮಾಡಬೇಕು ಎಂದು. ನಿಮ್ಮ ತಂಗಿ ಎಂಟನೇ ಕ್ಲಾಸು, ಪ್ರಾಥಮಿಕ ದಾಟಿದ್ದಾಳೆ. ಆ ಮಿತಿ ಇದೆ, ಮುಚ್ಚಿಡುವುದಿಲ್ಲ.

ಮಾಷ್ಟ್ರೇ, ನೀವು ಕೇಳಿದ ಭಯಕ್ಕೆ ಆಧಾರ ಇಲ್ಲ, ಆಗಲೂ ಇರಲಿಲ್ಲ. 19(2)ರ ಅಖಂಡತೆ ಭಾರತದ ಅಖಂಡತೆ. ಭಾರತದ ಒಳಗೆ ಒಂದು ತಾಲೂಕು ಈ ರಾಜ್ಯದಿಂದ ಆ ರಾಜ್ಯಕ್ಕೆ ಹೋಗಬೇಕು ಎನ್ನುವುದು ಸಂವಿಧಾನದ 3ನೇ ವಿಧಿಯಲ್ಲಿ ಪಾರ್ಲಿಮೆಂಟಿಗೆ ಕೊಟ್ಟ ಅಧಿಕಾರವನ್ನು ಬಳಸಿ ಎಂದು ಕೇಳುವುದು. ಕಯ್ಯಾರರು ಆಡಿದ ಒಂದೊಂದು ಮಾತಿಗೂ ಸಂವಿಧಾನದಲ್ಲೇ ಜಾಗ ಇತ್ತು. ಸರ್ಕಾರಿ ಕೆಲಸದಲ್ಲಿದ್ದವರಿಗೆ ಸೇವಾ ನಿಯಮಗಳ ಕಟ್ಟು ಇತ್ತು, ಅದು ಬೇರೆ ಮಾತು.

ಸೆಕ್ಷನ್ ನಂಬರ್ ಇಲ್ಲದ ನಿರ್ಬಂಧದ ಬಗ್ಗೆ. ಹೊಸೂರಿನವರೇ, ಅದಕ್ಕೆ ನಂಬರ್ ಇಲ್ಲದಿರುವುದೇ ಅದರ ದೌರ್ಬಲ್ಯ. ನಮ್ಮ ಕೇರಳದ್ದೇ ಕೇಸು, ಬಿಜೋ ಇಮ್ಮಾನುವೆಲ್, 1986. ಯೆಹೋವನ ಸಾಕ್ಷಿಗಳು ಪಂಥದ ಮೂವರು ಮಕ್ಕಳು, ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದರು. ಸುಮ್ಮನೆ ನಿಲ್ಲುವುದೂ 19(1)(ಎ) ಒಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು ಅವರನ್ನು ವಾಪಸ್ ಸೇರಿಸಲು ಹೇಳಿತು. ಎಲ್ಲರೂ ನೆನಪಿಡುವುದು ಆ ಭಾಗ. ಅದರಲ್ಲಿ ಇನ್ನೊಂದು ಮಾತಿದೆ. ಶಿಕ್ಷಣ ಇಲಾಖೆ ತೋರಿಸಿದ್ದು ಬರೀ ಸುತ್ತೋಲೆ, ಸುತ್ತೋಲೆ ಕಾನೂನಲ್ಲ, ಕಾನೂನು ಇಲ್ಲದೆ 19(2)ರ ಹೆಸರು ಹೇಳುವಂತಿಲ್ಲ. ಸುತ್ತೋಲೆಯೇ ಸಾಲದು ಎಂದ ಮೇಲೆ ಸಭೆಯಲ್ಲಿ ಬಾಯಿಮಾತಿಗೆ "ಬೇಡ" ಎಂದದ್ದು ಎಲ್ಲಿ ನಿಲ್ಲುತ್ತದೆ? ಮಾಡಬೇಕಾದ್ದು ಇಷ್ಟೇ, ಆ ಬಾಯಿಮಾತನ್ನು ಕಾಗದಕ್ಕೆ ಇಳಿಸಬೇಕು. ಯಾವ ನಿಯಮದಡಿ ತಡೆದಿರಿ ಎಂದು ಬರೆದು ಕೇಳಬೇಕು.

ಕೊನೆಗೆ ಕಿವಿಯ ವಿಷಯ. 19 ಕಿವಿ ಕೊಡಿಸುವುದಿಲ್ಲ, ಒಪ್ಪಿದೆ. ಕೊಡಿಸುವ ವಿಧಿ ಬೇರೆ ಇದೆ. 350ನೇ ವಿಧಿಯಲ್ಲಿ, ಕಷ್ಟ ಹೇಳಿಕೊಳ್ಳಲು ಯಾವ ಅಧಿಕಾರಿಗೇ ಆಗಲಿ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅರ್ಜಿ ಕೊಡಬಹುದು ಎಂದಿದೆ. ಬಳಕೆಯಲ್ಲಿರುವ ಭಾಷೆ ಎಂದಿದೆ, ಅಧಿಕೃತ ಭಾಷೆ ಎಂದಿಲ್ಲ. ಅದು ಕೇಳುವುದರ ಬಗ್ಗೆ. ಉತ್ತರದ ಬಗ್ಗೆ 1969ರ ಕೇರಳದ ಅಧಿಕೃತ ಭಾಷೆಗಳ ಕಾಯಿದೆಯಲ್ಲಿ ತಮಿಳರಿಗೂ ಕನ್ನಡಿಗರಿಗೂ ವಿಶೇಷವಾಗಿ ಬರೆದಿದ್ದಾರೆ. ಅವರು ಹೆಚ್ಚಾಗಿ ಇರುವ ಕಡೆಯ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನನ್ನ ಕಕ್ಷಿದಾರರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಇದನ್ನು ಕೇಳಿಯೇ ಇಲ್ಲ. ವಿಲ್ಲೇಜ್ ಆಫೀಸಿನಿಂದ ಮಲಯಾಳದಲ್ಲಿ ಕಾಗದ ಬಂದರೆ ಓದಿಸಲು ಪೇಟೆಗೆ ಬರುತ್ತಾರೆ, ಕನ್ನಡದಲ್ಲಿ ಕೊಡಿ ಎಂದು ವಾಪಸ್ ಬರೆಯುವುದಿಲ್ಲ. ಬರೆಯಬೇಕು. ಒಬ್ಬರು ಬರೆದರೆ ಕಡತದಲ್ಲಿ ಕೂರುತ್ತದೆ, ನೂರು ಜನ ಬರೆದರೆ ಕನ್ನಡ ಗೊತ್ತಿರುವ ಒಬ್ಬ ಗುಮಾಸ್ತರನ್ನು ಆ ಕಚೇರಿಗೆ ಹಾಕಲೇಬೇಕಾಗುತ್ತದೆ.

ನಿಮ್ಮ ತಂಗಿಯ ಟೀಚರ್ ವಿಷಯ ಕನ್ನಡದಲ್ಲಿ ಬರೆದು ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿಗೆ ಕೊಡಿ. 350 ಮತ್ತು 29(1) ಎರಡನ್ನೂ ಮೊದಲ ಸಾಲಲ್ಲೇ ಹಾಕಿ. ಹೆತ್ತವರ ಸಹಿ ಎಷ್ಟು ಸಿಗುತ್ತದೋ ಅಷ್ಟು. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಹೊಸೂರಿನವನು

350ರಲ್ಲಿ 'ಬಳಕೆಯಲ್ಲಿರುವ' ಎಂಬ ಪದ ನಾನು ಗಮನಿಸಿರಲಿಲ್ಲ. ಅದು ನಮಗೂ ಆಗುತ್ತದೆ, ಕೃಷ್ಣಗಿರಿಯಲ್ಲೂ, ತಾಳವಾಡಿಯಲ್ಲೂ. 2014ರ ತೀರ್ಪಿನ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಅರ್ಜಿ ಬರೆದರೆ ಹೆಸರು ಅಳಿಸಿ ಇಲ್ಲಿ ಹಾಕಿ, ನಾವೂ ಅದೇ ತರ ಬರೆಯುತ್ತೇವೆ.

ಪೆರ್ಲದ ಹುಡುಗಿ

ಅರ್ಜಿ ಬರೆದಾಯಿತು, ಒಂದೂವರೆ ಪುಟ. ನಿನ್ನೆ ಸಂಜೆ ಮೂರು ಮನೆಗೆ ಹೋದೆ, ಹನ್ನೊಂದು ಸಹಿ ಸಿಕ್ಕಿತು. ಒಬ್ಬರು ಹೆದರಿದರು, ಮಗನಿಗೆ ತೊಂದರೆ ಆದೀತು ಎಂದರು. ಅವರನ್ನು ಒತ್ತಾಯ ಮಾಡಲಿಲ್ಲ. ತಂಗಿ ತಾನೂ ಸಹಿ ಹಾಕುತ್ತೇನೆ ಎಂದಳು. ಅವಳು ಹಾಕಬಹುದಾ, ಇಲ್ಲ ಅಪ್ಪನೇ ಹಾಕಬೇಕಾ? ವಕೀಲರು ಇದೊಂದು ಹೇಳಿದರೆ ಸೋಮವಾರ ಕೊಟ್ಟು ಬರುತ್ತೇನೆ. ಆ ಅಡಿಕೆ ತೋಟದ ಹಿರಿಯರಿಗೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮೂರನೇ ಸಾಲಿನ ಒಂದು ಕಾಗುಣಿತ ತಿದ್ದಿ, ಮೊದಲ ಸಹಿ ಅವರೇ ಹಾಕಿದರು.